ಐದು ಸೆಂಟಿನ ನಾಣ್ಯವೂ ಬೇಸ್‌ಬಾಲ್ ಆಟವೂ

ಆಟವನ್ನು ನೋಡಲು ಹೋಗುವವನು ಎರಡು ಟಿಕೇಟುಗಳನ್ನು ಕೊಳ್ಳಬೇಕಾಗುತ್ತದೆ. ಒಂದು, ಕ್ರೀಡಾಂಗಣದ ಬಾಗಿಲಲ್ಲಿ ತೋರಿಸುವ ಟಿಕೇಟು. ಇನ್ನೊಂದು, ಆ ಬಾಗಿಲಿನವರೆಗೆ ಅವನನ್ನು ಕೊಂಡೊಯ್ಯುವ ಬಸ್ಸಿನದೋ ರೈಲಿನದೋ ಟಿಕೇಟು. ಮೊದಲನೆಯದರ ಬೆಲೆ ಏರಿದಾಗ ಪತ್ರಿಕೆಗಳು ಪುಟಗಟ್ಟಲೆ ಬರೆಯುವುವು. ಎರಡನೆಯದನ್ನು ಆಟದೊಡನೆ ಸೇರಿಸಿ ಯೋಚಿಸುವವರು ವಿರಳ. ಆದರೆ ನಗರವೊಂದರ ಆಟವು ಆ ನಗರದ ಸಕಲ ಜನರದೋ ಅಥವಾ ಹಣವುಳ್ಳ ಕೆಲವರದೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಈ ಎರಡನೆಯ ಟಿಕೇಟೇ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಸಮರ್ಥಿಸಲು ನಾವು ಆರಿಸಿಕೊಂಡಿರುವುದು ನಮ್ಮ ಕ್ರಿಕೆಟನ್ನಲ್ಲ, ಅಮೇರಿಕೆಯ ಬೇಸ್‌ಬಾಲ್ ಆಟವನ್ನು.

ಬೇಸ್‌ಬಾಲೇ ಏಕೆಂದು ಸಹಪಾಠಿಗಳು ಕೇಳಬಹುದು. ನಮ್ಮಲ್ಲಿ ಆ ಆಟವನ್ನು ಕಣ್ಣಾರೆ ಕಂಡವರೇ ಕಡಮೆ. ಆಡಿದವರಂತೂ ಇಲ್ಲವೆಂದೇ ಹೇಳಬೇಕು. ಒಂಬತ್ತು ಮಂದಿಯ ತಂಡ, ಕೈಯಲ್ಲಿ ದುಂಡನೆಯ ದಾಂಡು, ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಚೆಂಡನ್ನು ಹೊಡೆದವನು ನಾಲ್ಕು ನೆಲೆಗಳನ್ನೂ ಸುತ್ತಿ ಬಂದರೆ ಒಂದು ಓಟ. ಇಷ್ಟನ್ನು ತಿಳಿದರೆ ಈ ಲೇಖನಕ್ಕೆ ಸಾಕು. ನಮಗೆ ಇಲ್ಲಿ ಬೇಕಾಗಿರುವುದು ಆಟದ ನಿಯಮಗಳಲ್ಲ, ಆಟದ ಪಂಚಾಂಗ. ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟು ಆಡಿಸಿದ ಮೊದಲ ತಂಡವು ೧೮೬೯ರಲ್ಲಿ ಸಿನ್ಸಿನಾಟಿ ನಗರದಲ್ಲಿ ಹುಟ್ಟಿತು. ಅಂದಿನಿಂದ ಬೆಳೆದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇಂದು ಪ್ರತಿಯೊಂದು ದೊಡ್ಡ ತಂಡವೂ ವರ್ಷಕ್ಕೆ ೧೬೨ ಪಂದ್ಯಗಳನ್ನು ಆಡುವುದು. ಅವುಗಳಲ್ಲಿ ೮೧ ಪಂದ್ಯಗಳು ತನ್ನ ಊರಿನಲ್ಲಿಯೇ. ನಮ್ಮ ವಾಂಖೇಡೆ ಕ್ರೀಡಾಂಗಣದಲ್ಲಿ ದೊಡ್ಡ ಪಂದ್ಯ ನಡೆಯುವುದು ವರ್ಷದಲ್ಲಿ ಕೆಲವೇ ದಿನ. ಆ ದಿನ ರೈಲಿಗೆ ಎಷ್ಟು ಕೊಟ್ಟೆವೆಂದು ಯಾರೂ ಲೆಕ್ಕ ಇಡುವುದಿಲ್ಲ. ಎಂಬತ್ತೊಂದು ದಿನ ಹೋಗಿಬರುವವನಿಗೆ ಮಾತ್ರ ಅದು ಹಬ್ಬದ ಖರ್ಚಲ್ಲ, ಹಾಲು ಮೊಸರಿನಂತೆ ಮನೆಯ ಖರ್ಚು. ಆದುದರಿಂದಲೇ ಪ್ರಯಾಣದರಕ್ಕೂ ಆಟಕ್ಕೂ ಇರುವ ನಂಟು ಬೇಸ್‌ಬಾಲ್‌ನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು.

ಈ ನಂಟನ್ನು ನೋಡಬೇಕಾದರೆ ನ್ಯೂಯಾರ್ಕಿಗೆ ಹೋಗಬೇಕು. ಅಲ್ಲಿಯ ನೆಲದಡಿಯ ರೈಲು ೧೯೦೪ರ ಅಕ್ಟೋಬರ್ ೨೭ರಂದು ಆರಂಭವಾಯಿತು. ಅಂದಿನ ದರ ಐದು ಸೆಂಟು, ಎಂದರೆ ಡಾಲರಿನ ಇಪ್ಪತ್ತರಲ್ಲೊಂದು ಭಾಗ. ಒಂದು ನಿಲ್ದಾಣ ದೂರ ಹೋದರೂ ಅಷ್ಟೇ, ನಗರದ ಈ ತುದಿಯಿಂದ ಆ ತುದಿಗೆ ಹೋದರೂ ಅಷ್ಟೇ. ದೂರಕ್ಕೆ ತಕ್ಕಂತೆ ಹಣ ತೆರುವ ನಮಗೆ ಇದು ಸೋಜಿಗವೆನಿಸೀತು. ಆ ಐದು ಸೆಂಟು ೧೯೪೮ರ ಜುಲೈ ಒಂದನೆಯ ತಾರೀಖಿನವರೆಗೆ ಕದಲಲಿಲ್ಲ. ನಾಲ್ವತ್ತನಾಲ್ಕು ವರ್ಷಗಳ ಆ ಅವಧಿಯಲ್ಲಿ ಎರಡು ಮಹಾಯುದ್ಧಗಳು ನಡೆದುಹೋದುವು, ರೊಟ್ಟಿಯ ಬೆಲೆ ಏರಿತು, ಕೂಲಿ ಏರಿತು, ಮನೆ ಬಾಡಿಗೆ ಏರಿತು. ರೈಲಿನ ಬಾಗಿಲಲ್ಲಿ ಹಾಕುವ ನಾಣ್ಯ ಮಾತ್ರ ಅದೇ ಆಗಿತ್ತು.

ಅದೇ ಕಾಲದಲ್ಲಿ ಆ ನಗರದಲ್ಲಿ ಮೂರು ದೊಡ್ಡ ಬೇಸ್‌ಬಾಲ್ ತಂಡಗಳಿದ್ದುವು: ಬ್ರಾಂಕ್ಸ್ ಭಾಗದಲ್ಲಿ ಯಾಂಕೀಸ್, ಮ್ಯಾನ್‌ಹಟನ್ ಭಾಗದಲ್ಲಿ ಜಯಂಟ್ಸ್, ಬ್ರೂಕ್ಲಿನ್ ಭಾಗದಲ್ಲಿ ಡಾಜರ್ಸ್. ಈ ಮೂರನೆಯ ಹೆಸರಿನ ಕಥೆ ಸ್ವಾರಸ್ಯವಾಗಿದೆ. ೧೮೯೦ರ ಸುಮಾರಿಗೆ ಬ್ರೂಕ್ಲಿನ್ ಬೀದಿಗಳಿಗೆ ವಿದ್ಯುತ್ ಟ್ರಾಮುಗಳು ಬಂದುವು. ಕುದುರೆ ಎಳೆಯುವ ಗಾಡಿಗಳ ನಿಧಾನಕ್ಕೆ ಒಗ್ಗಿದ್ದ ಜನ ಈ ಹೊಸ ವಾಹನದ ವೇಗಕ್ಕೆ ತತ್ತರಿಸಿ ಅತ್ತಿತ್ತ ಹಾರಿ ತಪ್ಪಿಸಿಕೊಳ್ಳುತ್ತಿದ್ದರು. ಅವರನ್ನು ಗೇಲಿಮಾಡಿ ಕರೆದ ಹೆಸರು ‘ಟ್ರಾಲಿ ಡಾಜರ್ಸ್’, ಅರ್ಥಾತ್ ಟ್ರಾಮಿನಿಂದ ತಪ್ಪಿಸಿಕೊಳ್ಳುವವರು. ಗೇಲಿಯ ಹೆಸರು ಕ್ರಮೇಣ ತಂಡದ ಹೆಸರೇ ಆಯಿತು. ಲೋಕದಲ್ಲಿ ಹುಲಿ, ಸಿಂಹ, ಗರುಡಗಳ ಹೆಸರಿಟ್ಟುಕೊಂಡ ತಂಡಗಳು ಎಷ್ಟೋ ಇವೆ. ಬೀದಿಯ ಸಾರ್ವಜನಿಕ ವಾಹನದಿಂದ ಹೆಸರು ಪಡೆದ ತಂಡ ನಮಗೆ ತಿಳಿದಂತೆ ಇದೊಂದೇ.

ಡಾಜರ್ಸ್ ತಂಡದ ಎಬೆಟ್ಸ್ ಫೀಲ್ಡ್ ಎಂಬ ಕ್ರೀಡಾಂಗಣವು ೧೯೧೩ರಲ್ಲಿ ತೆರೆಯಿತು. ಸುತ್ತಲೂ ಮನೆಗಳು, ಅಂಗಡಿಗಳು; ನಡೆದು ಹೋಗುವಷ್ಟು ಹತ್ತಿರದಲ್ಲಿ ರೈಲು ನಿಲ್ದಾಣ; ಬೀದಿಯಲ್ಲಿ ಟ್ರಾಮು. ಸುಮಾರು ೩೨,೦೦೦ ಜನ ಕೂಡಬಹುದಾಗಿದ್ದ ಆ ಸ್ಥಳದಲ್ಲಿ ಮೋಟಾರು ನಿಲ್ಲಿಸಲು ಜಾಗವಿದ್ದುದು ಸುಮಾರು ೭೦೦ಕ್ಕೆ ಮಾತ್ರ. ಹಾಗಾದರೆ ಉಳಿದವರೆಲ್ಲ ಹೇಗೆ ಬಂದರು? ಐದು ಸೆಂಟು ಕೊಟ್ಟು ಬಂದರು, ಅಥವಾ ಕಾಲ್ನಡಿಗೆಯಲ್ಲಿ ಬಂದರು. ಹಡಗುಕಟ್ಟೆಯ ಕೂಲಿ, ಹೊಲಿಗೆಯ ಕಾರ್ಖಾನೆಯವನು, ಶಾಲೆಯ ಹುಡುಗ, ವಕೀಲ, ಇವರೆಲ್ಲರೂ ಒಂದೇ ಡಬ್ಬಿಯಲ್ಲಿ ನಿಂತು ಬಂದರು. ನ್ಯೂಯಾರ್ಕಿನ ಎರಡು ತಂಡಗಳೇ ಅಂತಿಮ ಸರಣಿಯಲ್ಲಿ ಎದುರಾದರೆ ಅದನ್ನು ‘ಸಬ್‌ವೇ ಸೀರೀಸ್’ ಎಂದು ಕರೆಯುವರು. ಎಂದರೆ ನೆಲದಡಿಯ ರೈಲಿನಲ್ಲಿಯೇ ಎರಡೂ ಮೈದಾನಗಳಿಗೆ ಹೋಗಿ ನೋಡಿಬರಬಹುದಾದ ಸರಣಿ. ೧೯೨೧ರಿಂದ ೧೯೫೬ರವರೆಗೆ ಇಂಥ ಸರಣಿ ಹದಿಮೂರು ಬಾರಿ ನಡೆಯಿತು. ದೊಡ್ಡ ಸ್ಪರ್ಧೆಯೊಂದಕ್ಕೆ ವಿಜೇತನ ಹೆಸರಲ್ಲ, ಧನಿಕನ ಹೆಸರಲ್ಲ, ಪ್ರೇಕ್ಷಕನನ್ನು ಹೊತ್ತುತಂದ ವಾಹನದ ಹೆಸರು ಬಂದಿರುವುದನ್ನು ನಾವು ಗಮನಿಸಬೇಕು.

ಅಂದು ತಂಡವೊಂದು ವರ್ಷಕ್ಕೆ ೧೫೪ ಪಂದ್ಯಗಳನ್ನು ಆಡುತ್ತಿತ್ತು, ಅದರರ್ಧ ೭೭ ತನ್ನ ಊರಿನಲ್ಲಿ. ಎಲ್ಲಕ್ಕೂ ಹೋಗಿಬರಲು ಬೇಕಾದ ೧೫೪ ನಾಣ್ಯಗಳ ಒಟ್ಟು ಬೆಲೆ ಏಳು ಡಾಲರು ಎಪ್ಪತ್ತು ಸೆಂಟು. ಇಂದು ೮೧ ಪಂದ್ಯಗಳಿಗೆ ೧೬೨ ಪ್ರಯಾಣಗಳು. ೨೦೨೬ರ ಜನವರಿಯಲ್ಲಿ ಜಾರಿಗೆ ಬಂದ ಮೂರು ಡಾಲರಿನ ದರದಂತೆ ೪೮೬ ಡಾಲರು. ಈ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ಗಾಬರಿಪಡುವುದು ಸರಿಯಲ್ಲ. ನಡುವೆ ಡಾಲರಿನ ಬೆಲೆಯೂ ಬಹಳ ಇಳಿದಿದೆ, ಜನರ ಸಂಪಾದನೆಯೂ ಏರಿದೆ. ಆದರೂ ಒಂದು ಮಾತು ಉಳಿಯುತ್ತದೆ. ಅಂದಿನ ಹುಡುಗನು ಜೇಬಿನಲ್ಲಿ ನಾಣ್ಯವಿದೆಯೇ ಎಂದು ಮುಟ್ಟಿ ನೋಡಿಕೊಂಡು ಹೊರಟುಬಿಡುತ್ತಿದ್ದನು. ಇಂದಿನವನು ಲೆಕ್ಕ ಹಾಕಿ ಹೊರಡಬೇಕು.

ದರವನ್ನು ಕೊಟ್ಟಮಾತ್ರಕ್ಕೆ ಎಲ್ಲರಿಗೂ ಸಮಾನ ಸ್ಥಾನ ದೊರೆಯುತ್ತಿತ್ತೆಂದು ಯಾರೂ ಭಾವಿಸಬಾರದು. ೧೯೪೭ರ ಏಪ್ರಿಲ್ ೧೫ರಂದು ಎಬೆಟ್ಸ್ ಫೀಲ್ಡಿನಲ್ಲಿ ಜಾಕಿ ರಾಬಿನ್‌ಸನ್ ಎಂಬ ನೀಗ್ರೋ ಜನಾಂಗದ ಆಟಗಾರನು ಡಾಜರ್ಸ್ ಪರವಾಗಿ ಮೈದಾನಕ್ಕಿಳಿದನು. ಆ ಶತಮಾನದಲ್ಲಿ ಅಲ್ಲಿಯವರೆಗೆ ಕರಿಯರಿಗೆ ದೊಡ್ಡ ತಂಡಗಳ ಬಾಗಿಲು ಮುಚ್ಚಿತ್ತು. ಈ ಸಂಗತಿ ಲೋಕಪ್ರಸಿದ್ಧ. ಅಷ್ಟಾಗಿ ಪ್ರಸಿದ್ಧವಲ್ಲದ ಇನ್ನೊಂದು ಸಂಗತಿಯುಂಟು. ಅದಕ್ಕೆ ಮೂರು ವರ್ಷ ಮೊದಲು, ೧೯೪೪ರಲ್ಲಿ, ರಾಬಿನ್‌ಸನ್ನನು ಟೆಕ್ಸಾಸಿನ ಸೈನಿಕ ಶಿಬಿರವೊಂದರಲ್ಲಿ ಅಧಿಕಾರಿಯಾಗಿದ್ದನು. ಬಸ್ಸಿನಲ್ಲಿ ಕುಳಿತಿದ್ದವನನ್ನು ಚಾಲಕನು ಹಿಂದಕ್ಕೆ ಹೋಗಿ ಕುಳಿತುಕೊಳ್ಳೆಂದು ಗದರಿಸಿದನು. ಅವನು ಏಳಲಿಲ್ಲ. ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, ಕೊನೆಗೆ ನಿರಪರಾಧಿಯೆಂದು ಬಿಡುಗಡೆಯಾಯಿತು. ಬೇಸ್‌ಬಾಲ್ ಮೈದಾನದಲ್ಲಿ ಅವನು ಕದಿಯುತ್ತಿದ್ದ ನೆಲೆಗಳಿಗಿಂತ ಬಸ್ಸಿನಲ್ಲಿ ಬಿಟ್ಟುಕೊಡದ ಆಸನವೇ ನಮಗೆ ದೊಡ್ಡದಾಗಿ ತೋರುತ್ತದೆ. ಮುಂದೆ ೧೯೫೫ರ ಅಕ್ಟೋಬರಿನಲ್ಲಿ ಡಾಜರ್ಸ್ ತಂಡ ಯಾಂಕೀಸರನ್ನು ಸೋಲಿಸಿ ಬ್ರೂಕ್ಲಿನ್ನಿಗೆ ಮೊದಲನೆಯ ಮತ್ತು ಕಡೆಯ ವಿಶ್ವಸರಣಿ ವಿಜಯವನ್ನು ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣದ ಮಾಂಟ್‌ಗಮರಿ ನಗರದ ಕರಿಯರು ಬಸ್ಸುಗಳನ್ನು ಹತ್ತದೆ ೩೮೧ ದಿನ ನಡೆದೇ ಓಡಾಡಲಾರಂಭಿಸಿದರು. ಅವರು ಬೇಡಿದುದು ದರದ ಇಳಿಕೆಯನ್ನಲ್ಲ. ಕೊಟ್ಟ ದರಕ್ಕೆ ತಕ್ಕ ಮರ್ಯಾದೆಯನ್ನು. ಪ್ರಯಾಣದರದ ಮಾತು ಬಂದಾಗಲೆಲ್ಲ ಅದು ಬರಿಯ ಸೆಂಟು ಪೈಸೆಗಳ ವಿಷಯವಲ್ಲವೆಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ನಮ್ಮ ವಾದಕ್ಕೆ ವಿರುದ್ಧವಾದ ಬಲವಾದ ಮಾತೊಂದನ್ನು ಎತ್ತಿಕೊಳ್ಳಲೇಬೇಕು. ಐದು ಸೆಂಟಿನ ದರವು ರೈಲಿಗೆ ಉಪಕಾರಕವಾಗಿತ್ತೆ? ನಿಜ ಹೇಳಬೇಕಾದರೆ, ಇಲ್ಲ. ರೈಲು ನಡೆಸುತ್ತಿದ್ದ ಖಾಸಗಿ ಸಂಸ್ಥೆಗಳು ಕರಾರಿನಿಂದ ಆ ದರಕ್ಕೆ ಕಟ್ಟುಬಿದ್ದಿದ್ದುವು. ಬೆಲೆಗಳು ಏರಿದಾಗ ಏಳು ಸೆಂಟು ಮಾಡಲು ನ್ಯಾಯಾಲಯದವರೆಗೆ ಹೋದರೂ ಫಲ ದೊರೆಯಲಿಲ್ಲ. ಚುನಾವಣೆಗೆ ನಿಂತವರಿಗೆಲ್ಲ ‘ಐದು ಸೆಂಟನ್ನು ಉಳಿಸುವೆವು’ ಎಂಬುದು ಸುಲಭದ ಘೋಷಣೆಯಾಯಿತು. ಕಡೆಗೆ ೧೯೪೦ರಲ್ಲಿ ನಗರವೇ ಆ ಸಂಸ್ಥೆಗಳ ಮಾರ್ಗಗಳನ್ನು ಕೊಂಡುಕೊಂಡಿತು. ೧೯೪೮ರಲ್ಲಿ ದರ ಹತ್ತು ಸೆಂಟಾಯಿತು, ೧೯೫೩ರಲ್ಲಿ ಹದಿನೈದಾಯಿತು. ಹದಿನೈದು ಸೆಂಟಿನ ನಾಣ್ಯವೇ ಇಲ್ಲದುದರಿಂದಲೂ, ಬಾಗಿಲಿನ ಯಂತ್ರವು ಎರಡು ಬಗೆಯ ನಾಣ್ಯಗಳನ್ನು ತೆಗೆದುಕೊಳ್ಳಲಾರದುದರಿಂದಲೂ ‘ಟೋಕನ್’ ಎಂಬ ಹಿತ್ತಾಳೆಯ ಬಿಲ್ಲೆ ಹುಟ್ಟಿತು.

ಇದರಿಂದ ನಾವು ಕಲಿಯಬೇಕಾದ ಪಾಠವು ದರ ಏರಲೇಬೇಕೆಂಬುದಲ್ಲ. ಅಗ್ಗದ ದರಕ್ಕೂ ಯಾರಾದರೂ ಹಣ ತೆರಲೇಬೇಕೆಂಬುದು. ಪ್ರಯಾಣಿಕನು ತೆರದ ಪಾಲನ್ನು ತೆರಿಗೆದಾರನು ತೆರಬೇಕು. ಅವನೂ ತೆರದಿದ್ದರೆ ಹಳಿ, ಡಬ್ಬಿ, ಸೇತುವೆಗಳು ಸವೆದು ತೆರುವುವು. ಅಗ್ಗದ ದರವನ್ನು ಘೋಷಿಸಿ ಆ ಖರ್ಚನ್ನು ಯಾರ ಲೆಕ್ಕಕ್ಕೂ ಬರೆಯದಿರುವುದು ನ್ಯೂಯಾರ್ಕಿನ ಮುತ್ಸದ್ದಿಗಳು ಮಾಡಿದ ತಪ್ಪು. ಆದರೆ ಅದೇ ನಗರಗಳು, ಅದೇ ಮುತ್ಸದ್ದಿಗಳು, ಬೇರೊಂದು ಕಾರ್ಯಕ್ಕೆ ಬೊಕ್ಕಸದ ಬೀಗವನ್ನು ಎಷ್ಟು ಸಲೀಸಾಗಿ ತೆಗೆಯುವರೆಂಬುದನ್ನು ನೋಡಿದಾಗಲೇ ನಮಗೆ ಸಿಟ್ಟು ಬರುವುದು.

ಆ ಕಾರ್ಯಕ್ಕೆ ಬರುವ ಮೊದಲು ಬ್ರೂಕ್ಲಿನ್ನಿನ ಕಥೆಯನ್ನು ಮುಗಿಸೋಣ. ಡಾಜರ್ಸ್ ತಂಡದ ಒಡೆಯ ವಾಲ್ಟರ್ ಒ’ಮ್ಯಾಲಿ ಹೊಸ ಕ್ರೀಡಾಂಗಣವನ್ನು ಬಯಸಿದನು. ಅವನು ಆರಿಸಿದ್ದ ಸ್ಥಳವು ರೈಲುಮಾರ್ಗಗಳು ಬಂದು ಸೇರುವ ಬ್ರೂಕ್ಲಿನ್ನಿನ ದೊಡ್ಡ ನಿಲ್ದಾಣದ ಪಕ್ಕದ್ದು. ಕಟ್ಟಡವನ್ನು ತನ್ನ ಹಣದಿಂದ ಕಟ್ಟುವೆನು, ನೆಲವನ್ನು ಕೂಡಿಸಿಕೊಡುವುದಕ್ಕೆ ಮಾತ್ರ ನಗರ ನೆರವಾಗಲಿ ಎಂದನು. ನಗರದ ನಿರ್ಮಾಣಕಾರ್ಯಗಳನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದ ರಾಬರ್ಟ್ ಮೋಸಸ್ ಒಪ್ಪಲಿಲ್ಲ. ಕ್ವೀನ್ಸ್ ಭಾಗದ ಫ್ಲಷಿಂಗ್ ಮೆಡೋಸ್ ಎಂಬಲ್ಲಿ ನೆಲವನ್ನು ತೋರಿಸಿದನು. ಇತಿಹಾಸಕಾರರು ಇಬ್ಬರಲ್ಲಿ ಯಾರು ಹೆಚ್ಚು ದೋಷಿಯೆಂದು ಇನ್ನೂ ವಾದಿಸುತ್ತಿರುವರು. ನಮಗೆ ಇಬ್ಬರ ಮೇಲೂ ಪೂರ್ಣ ವಿಶ್ವಾಸವಿಲ್ಲ. ಆದರೆ ರೈಲು ನಿಲ್ದಾಣದ ಪಕ್ಕದ ಸ್ಥಳವೇ ಸರಿಯಾದುದೆಂದು ತೋರುತ್ತದೆ. ೧೯೫೬ರ ಅಕ್ಟೋಬರ್ ಕೊನೆಯಲ್ಲಿ ಬ್ರೂಕ್ಲಿನ್ನಿನ ಕಡೆಯ ಟ್ರಾಮು ನಿಂತಿತು. ಮರುವರ್ಷದ ಪಂದ್ಯಗಳು ಮುಗಿದೊಡನೆ ಟ್ರಾಮಿನ ಹೆಸರಿನ ತಂಡವೂ ಊರು ಬಿಟ್ಟಿತು. ಜಯಂಟ್ಸ್ ಕೂಡ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೊರಟುಹೋಯಿತು. ೧೯೬೦ರಲ್ಲಿ ಎಬೆಟ್ಸ್ ಫೀಲ್ಡನ್ನು ಕೆಡವಿ ಆ ಜಾಗದಲ್ಲಿ ವಸತಿಗೃಹಗಳನ್ನು ಕಟ್ಟಿದರು.

ಡಾಜರ್ಸ್ ಹೋಗಿ ಸೇರಿದುದು ಲಾಸ್ ಏಂಜಲೀಸ್ ನಗರವನ್ನು. ಒಂದು ಕಾಲದಲ್ಲಿ ಆ ನಗರದಲ್ಲಿ ‘ರೆಡ್ ಕಾರ್’ ಎಂಬ ಕೆಂಪು ಟ್ರಾಮುಗಳ ಮಾರ್ಗಗಳು ನೂರಾರು ಮೈಲಿ ಹಬ್ಬಿದ್ದುವು. ತಂಡ ಬಂದಾಗ ಅವು ಅಳಿದುಳಿದ ಸ್ಥಿತಿಯಲ್ಲಿದ್ದು, ೧೯೬೧ರಲ್ಲಿ ಕಡೆಯ ಕೆಂಪು ಟ್ರಾಮೂ ೧೯೬೩ರಲ್ಲಿ ನಗರದೊಳಗಿನ ಉಳಿದ ಟ್ರಾಮುಗಳೂ ನಿಂತುವು. ೧೯೬೨ರಲ್ಲಿ ತೆರೆದ ಡಾಜರ್ ಕ್ರೀಡಾಂಗಣವು ಬೆಟ್ಟದ ಮೇಲಿದೆ. ೫೬,೦೦೦ ಆಸನಗಳು, ಸುತ್ತಲೂ ೧೬,೦೦೦ ಮೋಟಾರುಗಳಿಗೆ ಜಾಗ. ಆ ಬೆಟ್ಟದ ಮೇಲಿದ್ದ ಮೆಕ್ಸಿಕೋ ಮೂಲದ ಬಡ ಸಂಸಾರಗಳನ್ನು, ಅಗ್ಗದ ಮನೆಗಳನ್ನು ಕಟ್ಟಿಕೊಡುವೆವೆಂಬ ಮಾತಿನ ಮೇಲೆ ಮೊದಲೇ ಎಬ್ಬಿಸಲಾಗಿತ್ತು. ಮನೆಗಳು ಏಳಲಿಲ್ಲ. ಬಿಡದೆ ಉಳಿದಿದ್ದ ಕೊನೆಯ ಕೆಲವರನ್ನು ೧೯೫೯ರಲ್ಲಿ ಬಲಾತ್ಕಾರದಿಂದ ಹೊರಹಾಕಿದರು. ೭೦೦ ಮೋಟಾರಿನ ಮೈದಾನವೆಲ್ಲಿ, ೧೬,೦೦೦ ಮೋಟಾರಿನ ಮೈದಾನವೆಲ್ಲಿ! ಟ್ರಾಮಿನಿಂದ ತಪ್ಪಿಸಿಕೊಳ್ಳುವವರೆಂಬ ಹೆಸರು ಅಲ್ಲಿಗೆ ಹೋದಮೇಲೆಯೇ ಅಕ್ಷರಶಃ ನಿಜವಾಯಿತು.

ಇನ್ನು ಬೊಕ್ಕಸದ ಬೀಗದ ಮಾತು. ಇಂದು ಅಮೇರಿಕೆಯಲ್ಲಿ ತಂಡದ ಒಡೆಯನು ‘ಹೊಸ ಕ್ರೀಡಾಂಗಣವನ್ನು ಕಟ್ಟಿಕೊಡಿ, ಇಲ್ಲವಾದರೆ ಬೇರೆ ಊರಿಗೆ ಹೋಗುವೆನು’ ಎಂದು ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಓಕ್ಲೆಂಡ್ ನಗರವನ್ನು ನೋಡಿರಿ. ಅಲ್ಲಿಯ ಅಥ್ಲೆಟಿಕ್ಸ್ ತಂಡದ ಕ್ರೀಡಾಂಗಣಕ್ಕೆ ಆ ಪ್ರಾಂತದ ‘ಬಾರ್ಟ್’ ರೈಲಿನ ನಿಲ್ದಾಣದಿಂದ ನೇರವಾಗಿ ಕಾಲುಸೇತುವೆ ಇತ್ತು. ರೈಲಿನಿಂದ ಇಳಿದವನು ಬೀದಿಗೂ ಇಳಿಯದೆ ಆಟಕ್ಕೆ ಹೋಗಬಹುದಾಗಿತ್ತು. ೨೦೨೩ರ ಜೂನ್ ತಿಂಗಳಲ್ಲಿ ನೆವಾಡಾ ರಾಜ್ಯದ ಶಾಸನಸಭೆಯು ಲಾಸ್ ವೇಗಸ್ ನಗರದಲ್ಲಿ ಹೊಸ ಕ್ರೀಡಾಂಗಣಕ್ಕಾಗಿ ೩೮ ಕೋಟಿ ಡಾಲರುಗಳವರೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿತು. ಐವತ್ತಾರು ವರ್ಷ ಓಕ್ಲೆಂಡಿನಲ್ಲಿದ್ದ ತಂಡವು ೨೦೨೪ರ ಸೆಪ್ಟೆಂಬರ್ ೨೬ರಂದು ಅಲ್ಲಿ ತನ್ನ ಕಡೆಯ ಪಂದ್ಯವನ್ನಾಡಿತು. ಸೇತುವೆಯು ಉಳಿಯಿತು, ದಾಟಿಹೋಗಿ ನೋಡಲು ಆಟವಿಲ್ಲದಾಯಿತು.

ಅಟ್ಲಾಂಟಾ ನಗರದ ಉದಾಹರಣೆ ಇನ್ನೂ ವಿಚಾರಾರ್ಹವಾದುದು. ಅಲ್ಲಿಯ ಬ್ರೇವ್ಸ್ ತಂಡವು ೨೦೧೬ರವರೆಗೆ ನಗರದ ಮಧ್ಯಭಾಗಕ್ಕೆ ಹತ್ತಿರದ ಕ್ರೀಡಾಂಗಣದಲ್ಲಿ ಆಡುತ್ತಿತ್ತು. ರೈಲು ಬಾಗಿಲವರೆಗೆ ಹೋಗುತ್ತಿರಲಿಲ್ಲ. ಆದರೂ ನಡುಪೇಟೆಯ ರೈಲು ನಿಲ್ದಾಣದಿಂದ ಪಂದ್ಯದ ದಿನ ಬಸ್ಸುಗಳ ಏರ್ಪಾಡಿತ್ತು. ೨೦೧೩ರ ನವೆಂಬರಿನಲ್ಲಿ ತಂಡವು ನೆರೆಯ ಕಾಬ್ ಎಂಬ ಜಿಲ್ಲೆಗೆ ಹೋಗುವುದಾಗಿ ಸಾರಿತು. ಸುಮಾರು ಹದಿನೈದು ದಿನಗಳೊಳಗೆ ಆ ಜಿಲ್ಲೆಯ ಮಂಡಲಿ ಸುಮಾರು ೩೦ ಕೋಟಿ ಡಾಲರುಗಳ ಸಾರ್ವಜನಿಕ ಪಾಲಿಗೆ ಒಪ್ಪಿಗೆಯಿತ್ತಿತು. ಜನರ ಮತವನ್ನು ಕೇಳಲಿಲ್ಲ. ಈ ಕಾಬ್ ಜಿಲ್ಲೆ ೧೯೬೫ರಲ್ಲಿ ಅಟ್ಲಾಂಟಾದ ರೈಲು-ಬಸ್ಸುಗಳ ವ್ಯವಸ್ಥೆಗೆ ಸೇರಲು ಮತದಾನದಲ್ಲಿ ನಿರಾಕರಿಸಿದ್ದಿತು. ಇಂದಿಗೂ ಆ ರೈಲು ಅಲ್ಲಿಗೆ ಹೋಗುವುದಿಲ್ಲ. ೨೦೨೪ರ ನವೆಂಬರಿನಲ್ಲಿ ಬಸ್ಸಿನ ಸೌಕರ್ಯವನ್ನು ಹೆಚ್ಚಿಸಲು ನೂರಕ್ಕೊಂದರಂತೆ ಮಾರಾಟ ತೆರಿಗೆ ಹಾಕಬಹುದೇ ಎಂದು ಅದೇ ಜಿಲ್ಲೆಯ ಜನರನ್ನು ಕೇಳಿದಾಗ, ಬಹುಮತದಿಂದ ಬೇಡವೆಂದರು.

ಜನರ ತೀರ್ಪನ್ನು ನಾವು ತಿರಸ್ಕರಿಸುವುದಿಲ್ಲ. ತೆರಿಗೆ ಕೊಡುವವನಿಗೆ ಬೇಡವೆನ್ನುವ ಹಕ್ಕುಂಟು. ನಾವು ಕೇಳುವುದು ಇಷ್ಟೆ: ಬಸ್ಸಿಗೆ ಮೂವತ್ತು ವರ್ಷಗಳ ಲೆಕ್ಕಪತ್ರವನ್ನು ಮುಂದಿಟ್ಟು, ಊರೂರಿಗೆ ಸಭೆ ನಡೆಸಿ, ಮತವನ್ನು ಬೇಡಬೇಕಾದರೆ, ಕ್ರೀಡಾಂಗಣಕ್ಕೆ ಹದಿನೈದು ದಿನ ಹೇಗೆ ಸಾಕಾಯಿತು? ಕೇಳಿದ ಕಡೆಗಳಲ್ಲಿ ಜನ ಏನು ಹೇಳುವರೆಂಬುದಕ್ಕೂ ಉದಾಹರಣೆಯಿದೆ. ೨೦೨೪ರ ಏಪ್ರಿಲಿನಲ್ಲಿ ಕ್ಯಾನ್ಸಸ್ ಸಿಟಿಯ ಜ್ಯಾಕ್ಸನ್ ಜಿಲ್ಲೆಯಲ್ಲಿ ಬೇಸ್‌ಬಾಲ್ ಮತ್ತು ಫುಟ್‌ಬಾಲ್ ತಂಡಗಳ ಕ್ರೀಡಾಂಗಣಗಳಿಗೆ ತೆರಿಗೆಯನ್ನು ಮುಂದುವರಿಸುವ ಪ್ರಶ್ನೆಯನ್ನು ಮತಕ್ಕೆ ಹಾಕಿದಾಗ ಜನ ಅದನ್ನು ತಳ್ಳಿಹಾಕಿದರು.

ಕ್ರೀಡಾಂಗಣದಿಂದ ಊರಿಗೆ ವ್ಯಾಪಾರ ಬರುವುದು, ಕೆಲಸಗಳು ಹುಟ್ಟುವುವು, ಆದುದರಿಂದ ಅದೂ ಸಾರ್ವಜನಿಕ ಹಿತವೇ ಎಂದು ಒಡೆಯರು ಹೇಳುವರು. ಈ ವಿಷಯವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಲ್ಲಿ ಬಹುಮಂದಿ ಅದನ್ನು ಒಪ್ಪಿಲ್ಲ. ಆಟಕ್ಕೆ ಖರ್ಚಾಗುವ ಹಣ ಹೊಸದಾಗಿ ಹುಟ್ಟಿದುದಲ್ಲ. ಅದೇ ಊರಿನವರು ಬೇರೆ ಮನೋರಂಜನೆಗೆ, ಬೇರೆ ಅಂಗಡಿಗೆ ಕೊಡಬಹುದಾಗಿದ್ದ ಹಣವೇ ಇಲ್ಲಿಗೆ ಸರಿದುಬರುವುದೆಂಬುದು ಅವರ ಸಮಾಧಾನ. ನಮ್ಮ ದಾದರಿನ ಪೇಟೆಯಲ್ಲಿ ತಿಂಡಿ ತಿನ್ನುವವನು ಚರ್ಚ್‌ಗೇಟಿನಲ್ಲಿ ತಿಂದರೆ ಮುಂಬಯಿ ಶ್ರೀಮಂತವಾಗದು ಎಂಬಷ್ಟು ಸರಳವಾದ ಮಾತಿದು.

ಇಲ್ಲಿ ಅನೇಕರು ಇನ್ನೊಂದು ಲೆಕ್ಕವನ್ನು ತರುವರು. ೨೦೨೪ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ಸ್ ತಂಡವು ಹ್ವಾನ್ ಸೋಟೋ ಎಂಬ ಆಟಗಾರನೊಡನೆ ಹದಿನೈದು ವರ್ಷಕ್ಕೆ ೭೬ ಕೋಟಿ ೫೦ ಲಕ್ಷ ಡಾಲರುಗಳ ಕರಾರು ಮಾಡಿಕೊಂಡಿತು. ಆಗಿನ ರೈಲು ದರ ಎರಡು ಡಾಲರು ತೊಂಬತ್ತು ಸೆಂಟು. ಆ ಮೊತ್ತದಲ್ಲಿ ಇಪ್ಪತ್ತಾರು ಕೋಟಿಗೂ ಮಿಕ್ಕಿದ ರೈಲು ಪ್ರಯಾಣಗಳನ್ನು ಕೊಳ್ಳಬಹುದು. ಲೆಕ್ಕ ಚೆನ್ನಾಗಿದೆ, ಚರ್ಚಾಸ್ಪರ್ಧೆಯಲ್ಲಿ ಚಪ್ಪಾಳೆಯನ್ನೂ ಗಿಟ್ಟಿಸೀತು; ಆದರೆ ನ್ಯಾಯವಾದುದಲ್ಲ. ಆ ಹಣ ತಂಡದ ಒಡೆಯನದು, ರೈಲಿನ ಬೊಕ್ಕಸದಿಂದ ಹೋದುದಲ್ಲ. ಆಟಗಾರನ ಬೆವರಿಗೆ ಬೆಲೆ ಕಟ್ಟುವವರು ನಾವಲ್ಲ. ದೀರ್ಘಕಾಲ ಒಡೆಯರ ಕರಾರಿಗೆ ಆಳಿನಂತೆ ಕಟ್ಟುಬಿದ್ದಿದ್ದ ಆ ಆಟಗಾರರು ೧೯೭೫ರ ನಂತರವೇ ತಮಗೆ ಬೇಕಾದ ತಂಡವನ್ನು ಸೇರುವ ಸ್ವಾತಂತ್ರ್ಯ ಪಡೆದರು. ನಮ್ಮ ಆಕ್ಷೇಪಣೆಯಿರುವುದು ಸಾರ್ವಜನಿಕರ ಹಣದಿಂದ ಖಾಸಗಿ ಒಡೆಯನಿಗೆ ಮನೆ ಕಟ್ಟಿಕೊಡುವುದಕ್ಕೆ ಮಾತ್ರ.

ಆಟವನ್ನೇ ನೋಡದವನು ಆಟ ನೋಡುವವನ ಪ್ರಯಾಣಕ್ಕೆ ಏಕೆ ಹಣ ಕೊಡಬೇಕೆಂದು ಕೇಳುವವರೂ ಇರುವರು. ಅವರ ಪ್ರಶ್ನೆ ಸಾಧುವಾದುದು. ರಾತ್ರಿಪಾಳಿ ಮುಗಿಸಿ ಮನೆಗೆ ಹೋಗುವ ದಾದಿಗೆ ಬೇಸ್‌ಬಾಲ್‌ನಿಂದ ಏನಾಗಬೇಕು? ಆದುದರಿಂದಲೇ ಪ್ರೇಕ್ಷಕನಿಗೆ ಮಾತ್ರ ರಿಯಾಯಿತಿ ಕೊಡಿರೆಂದು ನಾವು ಕೇಳುವುದಿಲ್ಲ. ದರ ಎಲ್ಲರಿಗೂ ಕಡಮೆಯಾಗಲಿ. ದಾದಿಯೂ ಅದೇ ರೈಲಿನಲ್ಲಿಯೇ ಹೋಗುವಳು. ಕ್ರೀಡಾಂಗಣಕ್ಕೆ ಕೊಡುವ ಕೋಟಿಗಳು ಕ್ರೀಡಾಂಗಣಕ್ಕೆ ಹೋಗುವವನಿಗೂ ತಲುಪುವುದಿಲ್ಲ, ಅವನ ಆಸನದ ಟಿಕೇಟಂತೂ ಹೊಸ ಕಟ್ಟಡದಲ್ಲಿ ಹೆಚ್ಚೇ ಆಗುವುದು. ರೈಲಿಗೆ ಕೊಟ್ಟ ಹಣ ಇಬ್ಬರಿಗೂ ತಲುಪುವುದು. ಪಂದ್ಯಕ್ಕಾಗಿ ವಿಶೇಷವಾಗಿ ಬಿಡುವ ರೈಲು ಬಸ್ಸುಗಳ ವೆಚ್ಚವನ್ನಾದರೋ ಪಂದ್ಯದಿಂದ ಲಾಭ ಪಡೆಯುವವರೇ ಹೊರಬೇಕು. ಇದು ಅಸಾಧ್ಯವಲ್ಲ. ಜರ್ಮನಿಯ ಅನೇಕ ಊರುಗಳಲ್ಲಿ ಫುಟ್‌ಬಾಲ್ ಪಂದ್ಯದ ಟಿಕೇಟೇ ಆ ದಿನದ ಬಸ್ಸು ರೈಲುಗಳಿಗೂ ಟಿಕೇಟು. ಲಾಸ್ ಏಂಜಲೀಸಿನಲ್ಲಿಯೂ ಈಗ ಮುಖ್ಯ ರೈಲು ನಿಲ್ದಾಣದಿಂದ ಬೆಟ್ಟದ ಮೇಲಿನ ಕ್ರೀಡಾಂಗಣಕ್ಕೆ ಪಂದ್ಯದ ಟಿಕೇಟಿದ್ದವರನ್ನು ಬಸ್ಸು ಹಣವಿಲ್ಲದೆ ಕೊಂಡೊಯ್ಯುತ್ತದೆ. ನಮ್ಮ ದೇಶದಲ್ಲಿಯೇ ೨೦೨೩ರ ಐ. ಪಿ. ಎಲ್. ಪಂದ್ಯಗಳ ಕಾಲದಲ್ಲಿ ಚೆನ್ನೈಯ ಚೇಪಾಕಿಗೆ ಹೋಗುವವರು ಪಂದ್ಯದ ಟಿಕೇಟನ್ನು ತೋರಿಸಿ ಮೆಟ್ರೋ ರೈಲಿನಲ್ಲಿ ಹೋಗಿಬರಲು ಅನುಕೂಲವಾಗಿತ್ತು.

ಮುಂಬಯಿಯ ನಮಗೆ ಈ ಅಮೇರಿಕದ ವೃತ್ತಾಂತವು ತೀರ ದೂರದ್ದಲ್ಲ. ವಾಂಖೇಡೆಯೂ ಬ್ರೇಬೋರ್ನೂ ಚರ್ಚ್‌ಗೇಟ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಈ ಭಾಗ್ಯದ ಬೆಲೆಯನ್ನು ಓಕ್ಲೆಂಡಿನವರನ್ನು ಕೇಳಿ ತಿಳಿಯಬೇಕು. ಲೋಕಲ್ ರೈಲಿನ ಎರಡನೆಯ ದರ್ಜೆ ಇಂದಿಗೂ ಲೋಕದ ಅತ್ಯಂತ ಅಗ್ಗದ ಪ್ರಯಾಣಗಳಲ್ಲೊಂದು; ಅದರ ಇಕ್ಕಟ್ಟನ್ನು ಬಲ್ಲ ನಮಗೆ ಅಗ್ಗವೊಂದೇ ಸಾಲದೆಂಬುದೂ ಗೊತ್ತು. ನಮ್ಮ ಬೆಸ್ಟ್ ಬಸ್ಸಿನ ಕನಿಷ್ಠ ದರವು ೨೦೧೯ರ ಜುಲೈ ತಿಂಗಳಲ್ಲಿ ಎಂಟು ರೂಪಾಯಿಯಿಂದ ಐದಕ್ಕೆ ಇಳಿಯಿತು, ಜನ ಮತ್ತೆ ಬಸ್ಸಿಗೆ ಬಂದರು. ೨೦೨೫ರ ಮೇ ತಿಂಗಳಲ್ಲಿ ಅದು ಹತ್ತಾಯಿತು. ನ್ಯೂಯಾರ್ಕಿನವರು ೧೯೪೮ರಲ್ಲಿ ಕಂಡಂತೆಯೇ, ಒಂದೇ ಏಟಿಗೆ ಇಮ್ಮಡಿ. ಬಸ್ಸುಗಳು ಸಾಲುತ್ತಿಲ್ಲ, ನಷ್ಟ ತುಂಬಬೇಕು ಎಂಬ ಕಾರಣ ಸುಳ್ಳಲ್ಲ. ಆದರೆ ಆ ನಷ್ಟವನ್ನು ಎಷ್ಟು ಪಾಲು ಪ್ರಯಾಣಿಕನು, ಎಷ್ಟು ಪಾಲು ನಗರವು ಹೊರಬೇಕೆಂಬುದನ್ನು ಎಲ್ಲರೂ ಕೇಳುವಂತೆ ಚರ್ಚಿಸಿ ನಿರ್ಣಯಿಸಬೇಕಾಗಿತ್ತು ಎಂಬುದು ನಮ್ಮ ಮತ.

ವಿದ್ಯಾರ್ಥಿಗಳಾದ ನಮಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳುವುದು ಉಳಿದಿದೆ. ನ್ಯೂಯಾರ್ಕಿನ ಶಾಲಾ ಮಕ್ಕಳಿಗೆ ರೈಲು 
ಬಸ್ಸುಗಳಲ್ಲಿ ಹಣವಿಲ್ಲದೆ ಹೋಗಲು ಕಾರ್ಡು ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಅದು ಶಾಲೆಯಿರುವ ದಿನಗಳಲ್ಲಿ, ಬೆಳಿಗ್ಗೆಯಿಂದ ರಾತ್ರಿ ಎಂಟೂವರೆಯವರೆಗೆ ಮಾತ್ರ ನಡೆಯುತ್ತಿತ್ತು. ಎಂದರೆ ಪಾಠಕ್ಕೆ ಹೋಗಬಹುದು, ಭಾನುವಾರದ ಪಂದ್ಯಕ್ಕೆ ಹೋಗಲಾಗದು. ೨೦೨೪ರ ಶಾಲಾ ವರ್ಷದಿಂದ ಆ ನಿರ್ಬಂಧವನ್ನು ತೆಗೆದುಹಾಕಿ, ದಿನಕ್ಕೆ ನಾಲ್ಕು ಪ್ರಯಾಣಗಳಂತೆ, ವರ್ಷದ ಎಲ್ಲ ದಿನಗಳಲ್ಲಿಯೂ, ಹಗಲು ರಾತ್ರಿಯೆನ್ನದೆ ಉಪಯೋಗಿಸಬಹುದಾದ ಕಾರ್ಡನ್ನು ಕೊಟ್ಟಿರುವರು. ಕ್ವೀನ್ಸಿನ ಹುಡುಗಿಯೊಬ್ಬಳು ಈಗ ಏಳನೆಯ ನಂಬರಿನ ರೈಲನ್ನು ಹತ್ತಿ, ಮೋಸಸ್ ಅಂದು ತೋರಿಸಿದ ಅದೇ ಫ್ಲಷಿಂಗ್ ಮೆಡೋಸಿನಲ್ಲಿರುವ ಮೆಟ್ಸ್ ತಂಡದ ಕ್ರೀಡಾಂಗಣಕ್ಕೆ ಹೋಗಬಹುದು. ವಸ್ತುಸಂಗ್ರಹಾಲಯಕ್ಕೆ ಹೋಗಬಹುದು, ಅಜ್ಜಿಯ ಮನೆಗೂ ಹೋಗಬಹುದು. ನಮ್ಮ ರೈಲ್ವೆಯ ವಿದ್ಯಾರ್ಥಿ ರಿಯಾಯಿತಿಯ ಪಾಸು ಮನೆಯ ನಿಲ್ದಾಣಕ್ಕೂ ಶಾಲೆಯ ನಿಲ್ದಾಣಕ್ಕೂ ನಡುವೆ ಮಾತ್ರ. ಕಲಿಯುವುದು ಆ ಎರಡು ನಿಲ್ದಾಣಗಳ ನಡುವೆಯೇ ಮುಗಿಯುವುದೆಂದು ಯಾರೋ ಎಂದೋ ತೀರ್ಮಾನಿಸಿರಬೇಕು. ಭಾನುವಾರ ಆಜಾದ್ ಮೈದಾನದಲ್ಲಿ ಒಂದರ ಪಕ್ಕದಲ್ಲೊಂದು ಹತ್ತಾರು ಪಂದ್ಯಗಳು ನಡೆಯುತ್ತಿರುತ್ತವೆ, ನೋಡಲು ಕಾಸು ಕೊಡಬೇಕಾಗಿಲ್ಲ. ಡೊಂಬಿವಲಿಯಲ್ಲಿರುವ ನಮ್ಮ ಸಹಪಾಠಿಗೂ ಭಾಂಡುಪದಲ್ಲಿರುವವನಿಗೂ ಅಲ್ಲಿಯವರೆಗೆ ಸಲ್ಲುವ ಪಾಸೊಂದನ್ನು ವಾರದಲ್ಲಿ ಆ ಒಂದು ದಿನವಾದರೂ ಕೊಡುವುದು ರೈಲ್ವೆಯವರಿಗೆ ಅಷ್ಟೇನೂ ಭಾರವಾಗದು.